ಬೆನ್ನ ಹಿಂದಿನ ಗಿಡುಗ

"ತಲೆ ತಗ್ಗಿಸಿ ಹೊಲಿದದ್ದು ಸಾಕಮ್ಮ. ಒಂದಷ್ಟು ದಿನ ತಲೆ ಎತ್ತಿ ದೂರ ನೋಡು," ಎಂದು ಡಾಕ್ಟರು ಹೇಳಿದ್ದೇ ನೆಪವಾಯಿತು. ಅತ್ತಿಗೆ ಕೇಳಿದವಳೇ ಹಿಗ್ಗಿಬಿಟ್ಟಳು.

"ನಮ್ಮ ಗುಡ್ಡಕ್ಕೆ ಬಾರೇ. ಅಲ್ಲಿ ತಲೆ ಎತ್ತೋದು ಬಿಟ್ರೆ ಬೇರೆ ಕೆಲಸಾನೇ ಇಲ್ಲ."

ಹಾಗಾಗಿ ಮನೆಯವರೆಲ್ಲ ಸೂಜಿ ಎಂದು ಕರೆಯುವ ಆ ದರ್ಜಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ತನ್ನ ಒಂದೇ ಕೋಣೆಯ ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ ಹಳೆಯ ಪರದೆ ಹೊದಿಸಿ, ಅರ್ಧ ಹೊಲಿದ ಕೋಟಿಗೆ ಗುಂಡುಸೂಜಿ ಚುಚ್ಚಿಟ್ಟು, ಬೀಗ ಹಾಕಿ ಗುಡ್ಡ ಹತ್ತಿದಳು. ಆ ಅಡ್ಡಹೆಸರಿಗೆ ಕಾರಣ ಎರಡು: ಮೈ ಸೂಜಿಯಷ್ಟು ತೆಳ್ಳಗೆ; ಮಾತು ಅಪರೂಪ, ಆಡಿದರೆ ಚುಚ್ಚುತ್ತದೆ.

ಅತ್ತಿಗೆ ಅದಕ್ಕೆ ತದ್ವಿರುದ್ಧ. ಬಾಯಿ ತೆರೆದರೆ ಮುಚ್ಚಿಸಲು ಊಟದ ತಟ್ಟೆಯೇ ಬರಬೇಕು. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವಳು ಕಳೆದ ವರ್ಷ ಆ ಕೆಲಸಕ್ಕೆ ಶರಣು ಹೊಡೆದು, ಚಳಿಗಾಲಕ್ಕೆ ಮುಂಚೆ ಬಡಗಣದಿಂದ ತೆಂಕಣಕ್ಕೆ ವಲಸೆ ಹೋಗುವ ಬೇಟೆಹಕ್ಕಿಗಳನ್ನು ಎಣಿಸಲು ಹೊರಟಾಗ ಮನೆಯಲ್ಲಿ ಸಣ್ಣ ರಂಪವೇ ಆಗಿತ್ತು. "ಬೀದಿಯವರು ಸೊಸೆ ಏನ್ ಕೆಲಸ ಮಾಡ್ತಾಳೆ ಅಂತ ಕೇಳಿದ್ರೆ ಏನ್ ಹೇಳ್ಲಿ? ಹಾರಿಹೋಗೋದನ್ನ ಎಣಿಸ್ತಾಳೆ ಅನ್ನಲಾ?" ಎಂದು ಅಮ್ಮ ಹಣೆ ಚಚ್ಚಿಕೊಂಡರೆ, ಅಣ್ಣ ಪೇಪರಿನ ಮರೆಯಿಂದಲೇ, "ಎಣಿಸ್ಲಿ ಬಿಡಮ್ಮ. ಮನೇಲಿ ಕೂತ್ರೆ ನನ್ನ ತಪ್ಪು ಎಣಿಸ್ತಾಳೆ," ಎಂದಿದ್ದ.

ನಗುವಿನ ಕೆಳಗೆ ಒಂದು ಗಂಟಿತ್ತು. ಅತ್ತಿಗೆಯ ಕೆಲಸ ಶರತ್ಕಾಲ ಮುಗಿಯುವ ತನಕ ಮಾತ್ರ. ಸುತ್ತಿನ ಐದು ಗುಡ್ಡಗಳಲ್ಲಿ ಇಂಥ ಎಣಿಕೆ ನಡೆಯುತ್ತದೆ. ಅವುಗಳಲ್ಲಿ ಒಂದನ್ನು ಆರಿಸಿ ಅಲ್ಲಿ ಗಟ್ಟಿಮುಟ್ಟಾದ ಮನೆ ಕಟ್ಟಿ, ವರ್ಷವಿಡೀ ಒಬ್ಬರನ್ನು ನೇಮಿಸಬೇಕೆಂದು ಅರಣ್ಯ ಕಚೇರಿಯವರು ಹೊರಟಿದ್ದರು. ಯಾವ ಗುಡ್ಡದ ಮೇಲೆ ದೊಡ್ಡ ಗಿಡುಗಗಳು ಹೆಚ್ಚೋ ಆ ಗುಡ್ಡಕ್ಕೆ ಮಣೆ. ಕಳೆದ ವರ್ಷದ ತನಕ ಅತ್ತಿಗೆಯ ಗುಡ್ಡ ಲೆಕ್ಕಕ್ಕಿಲ್ಲದ ಗುಡ್ಡ. ಈ ವರ್ಷ ಏನಾಯಿತೋ, ಹಾವನ್ನೇ ಹಿಡಿದು ತಿನ್ನುವ ಬಿಳಿಹೊಟ್ಟೆಯ ಹಾವುಗಿಡುಗಗಳು ಇದರ ಮೇಲೇ ಹಾಯತೊಡಗಿದವು. ದಿನಕ್ಕೆ ಒಂದು, ಒಮ್ಮೊಮ್ಮೆ ಎರಡು. ಸೂಜಿ ಹತ್ತಿ ಬರುವ ಹೊತ್ತಿಗೆ ನಲವತ್ತೊಂದು ಆಗಿದ್ದವು. ಉಳಿದ ನಾಲ್ಕು ಗುಡ್ಡಗಳಲ್ಲಿ ಯಾವುದೂ ಇದರ ಹತ್ತಿರಕ್ಕೂ ಬಂದಿರಲಿಲ್ಲ. ವಾರದ ಕೊನೆಗೆ ಅರಣ್ಯ ಕಚೇರಿಯ ಸಾಹೇಬರು ಸ್ವತಃ ಬಂದು ನೋಡುವವರಿದ್ದರು.

"ಮನೆ ಕಟ್ಟಿದ್ರೆ ಕಿಟಕಿ ಮೂರು ಕಡೆಗೂ ಇಡಿಸ್ತೀನಿ," ಎಂದು ಅತ್ತಿಗೆ ಮೊದಲ ದಿನವೇ ಹೇಳಿದಳು. ಗಾಳಿಗೆ ಲಟಲಟ ಎನ್ನುವ ತಗಡಿನ ಶೆಡ್ಡಿನ ಮುಂದೆ ನಿಂತು, ಇಲ್ಲದ ಮನೆಯ ಬಾಗಿಲು ತೆರೆದು ತೋರಿಸಿದಳು. "ಇಲ್ಲಿ ಒಲೆ. ಇಲ್ಲಿ ನಕ್ಷೆ ಬರೆಯೋ ಮೇಜು. ಇಲ್ಲಿ ನಿಮ್ಮಣ್ಣ ಬಂದ್ರೆ ಮಲಗೋಕೆ ಒಂದು ಬೆಂಚು. ಮೆತ್ತಗಿರಬಾರ್ದು, ಅಭ್ಯಾಸ ಆಗೋಗತ್ತೆ."

ಗುಡ್ಡದ ನೆತ್ತಿಯಲ್ಲಿ ಕಲ್ಲು ಹಾಸಿದ ಕಟ್ಟೆ, ಅದರ ಮೇಲೆ ಸಾಲಾಗಿ ಮೂರು ಕುರ್ಚಿ. ಮೂರೂ ಬಡಗಣಕ್ಕೆ ಮುಖ. ಒಂದರಲ್ಲಿ ಅತ್ತಿಗೆ, ಕೊರಳಲ್ಲಿ ಬೈನಾಕ್ಯುಲರ್, ಕೈಯಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎನ್ನುವ ಎಣಿಕೆಯ ಡಬ್ಬಿ. ಇನ್ನೊಂದರಲ್ಲಿ ಮುದ್ರೆ ಮಾಮ. ಅಂಚೆ ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಒತ್ತಿ ಒತ್ತಿ ನಿವೃತ್ತರಾದ ಅವರು ಅತ್ತಿಗೆ ಕೂಗಿದ್ದನ್ನು ಬರೆದುಕೊಳ್ಳುತ್ತಿದ್ದರು. ಮಾತಾಡುವಾಗ ಇಂದಿಗೂ ಅವರ ಮುಷ್ಟಿ ಮೊಣಕಾಲ ಮೇಲೆ ಕುಟ್ಟುತ್ತಿತ್ತು. ಮೂರನೆಯದು ಸೂಜಿಗೆ.

ಎಣಿಕೆ ನೋಡಿದಷ್ಟು ಸುಲಭವಲ್ಲ ಎಂದು ಅವಳಿಗೆ ಮೊದಲ ಬೆಳಿಗ್ಗೆಯೇ ತಿಳಿಯಿತು. ಬಿಸಿಲೇರಿ ಕಲ್ಲು ಕಾದ ಮೇಲೆ ಬಿಸಿಗಾಳಿ ಸುಳಿಯಾಗಿ ಏಳುತ್ತದೆ. ಹಕ್ಕಿಗಳು ಆ ಸುಳಿಯೊಳಗೆ ಹೊಕ್ಕು, ರೆಕ್ಕೆ ಬಡಿಯದೆ, ಯಾರೋ ಚಹಾ ಕಲಕಿದಂತೆ ಸುತ್ತುತ್ತ ಮೇಲೇರುತ್ತವೆ. ಹಾಗೆ ಸುತ್ತುವಾಗ ಎಣಿಸಿದವನು ಕೆಟ್ಟ. ತುದಿ ಮುಟ್ಟಿದ ಮೇಲೆ ಅವು ಒಂದೊಂದಾಗಿ ಸಾಲು ಹಿಡಿದು ಜಾರುತ್ತವಲ್ಲ, ಆಗ ಎಣಿಸಬೇಕು.

"ಇನ್ನೊಂದು ನಿಯಮ," ಎಂದಳು ಅತ್ತಿಗೆ. "ತಲೆ ಮೇಲೆ ದಾಟ್ತಾ, ಟಿಕ್. ಅಲ್ಲಿಗೆ ಮುಗೀತು. ಹಿಂದೆ ತಿರುಗಿ ನೋಡಬಾರ್ದು. ಹೋದದ್ದನ್ನ ನೋಡ್ತಾ ಕೂತ್ರೆ ಬರೋದು ತಪ್ಪಿಹೋಗತ್ತೆ. ಐದು ಗುಡ್ಡದಲ್ಲೂ ಇದೇ ನಿಯಮ."

"ಬೆನ್ನು ತೋರಿಸಿದವರಿಗೆ ಮರ್ಯಾದೆ ಇಲ್ಲ ಅನ್ನಿ," ಎಂದಳು ಸೂಜಿ.

"ಕಾಗದ ಚೀಲಕ್ಕೆ ಬಿದ್ದ ಮೇಲೆ ಯಾವೂರಿಗೆ ಹೋಯ್ತು ಅಂತ ನಾವು ಕೇಳ್ತೀವಾ ತಾಯಿ?" ಎಂದು ಮುದ್ರೆ ಮಾಮ ಮೊಣಕಾಲು ಕುಟ್ಟಿದರು.

ಮೊದಲ ದಿನ ಚಾಣವೆಂಬ ಪುಟ್ಟ ಬೇಟೆಹಕ್ಕಿಗಳು ಬಂದವು, ಕಪ್ಪು ಚುಕ್ಕೆಯಂಥವು. ಬೂದುಬಣ್ಣದ ಗಿಡುಗಗಳು, ಹೆಸರು ಬಾಯಿಗೆ ಬಾರದ ಇನ್ನೂ ಏನೇನೋ ಬಂದವು. ಮಧ್ಯಾಹ್ನದ ಹೊತ್ತಿಗೆ ಸುಳಿಯ ತುದಿಯಿಂದ ಒಂದು ದೊಡ್ಡ ಬಿಳಿಹೊಟ್ಟೆ ಬೇರ್ಪಟ್ಟು, ಯಾವ ಅವಸರವೂ ಇಲ್ಲದೆ ಅವರ ನೆತ್ತಿಯ ಮೇಲೆ ಹಾದುಹೋಯಿತು. ಅತ್ತಿಗೆ ಉಸಿರು ಬಿಗಿಹಿಡಿದು ಟಿಕ್ ಒತ್ತಿದಳು. "ನಲವತ್ತೆರಡು!" ಮಾಮ ಬರೆದರು. ಸೂಜಿಗೂ ಖುಷಿಯಾಯಿತು. ಎಲ್ಲಿಂದ ಹೊರಟಿತೋ, ಎಷ್ಟು ನದಿ ದಾಟಿತೋ, ಇದಕ್ಕೆ ದಾರಿ ಹೇಳಿಕೊಟ್ಟವರು ಯಾರು ಎಂದು ಅವಳು ಸಂಜೆಯವರೆಗೆ ಯೋಚಿಸಿದಳು. ಶ್ರದ್ಧೆಯುಳ್ಳ ಹೆಣ್ಣು, ಒಂದು ಹಕ್ಕಿ ದಾರಿ ತಪ್ಪದೆ ಹೋಗುವುದನ್ನು ಕಂಡರೂ ಮನಸ್ಸಿನಲ್ಲೇ ಕೈಮುಗಿಯುವವಳು.

ಆದರೆ ಕುತ್ತಿಗೆ ಕೇಳಬೇಕಲ್ಲ. ವರ್ಷಗಟ್ಟಲೆ ತಗ್ಗಿದ್ದ ಕುತ್ತಿಗೆಯನ್ನು ಇಡೀ ದಿನ ಎತ್ತಿ ಹಿಡಿದರೆ ಅದು ಮುನಿಯದೆ ಇರುತ್ತದೆಯೆ? ಎರಡನೆಯ ದಿನಕ್ಕೆ ಅತ್ತ ತಿರುಗದು, ಇತ್ತ ತಿರುಗದು. ಸೂಜಿ ತನ್ನ ಕುರ್ಚಿಯನ್ನು ಎತ್ತಿ ಶೆಡ್ಡಿನ ಹಿಂದಕ್ಕೆ ಒಯ್ದು, ತೆಂಕಣದ ಕಣಿವೆಗೆ ಮುಖ ಮಾಡಿ ಕುಳಿತಳು. ಅಲ್ಲಿ ತಲೆ ಎತ್ತಬೇಕಾಗಿರಲಿಲ್ಲ. ಕಣ್ಣು ಇಳಿಬಿಟ್ಟರೆ ಸಾಕು, ಕಾಲಡಿಯಲ್ಲೇ ಬಂಡೆಗಳ ಇಳಿಜಾರು, ಪೊದೆ, ಒಣಹುಲ್ಲು.

"ನೋಡಿ ಮಾಮ, ನಮ್ಮ ನಾದಿನಿ ನಮ್ಮ ಹತ್ರ ಮಾತು ಬಿಟ್ಟಿದಾಳೆ," ಎಂದು ಅತ್ತಿಗೆ ಮುಂದಿನಿಂದ ಕೂಗಿದಳು.

"ನಿಮ್ಮ ಹತ್ರ ಮಾತಾಡೋಕೆ ಸಂದು ಸಿಕ್ಕಿದ್ದು ಯಾವಾಗ?" ಎಂದು ಸೂಜಿ ಹಿಂದಿನಿಂದ ಕೂಗಿದಳು.

ಬಿಸಿಲು ಏರಿತ್ತು. ಮುಂದುಗಡೆಯಿಂದ "ನಲವತ್ತಮೂರು!" ಎಂಬ ಸಂಭ್ರಮದ ದನಿ ಕೇಳಿತು. ಆ ಹಾವುಗಿಡುಗ ಸೂಜಿಯ ನೆತ್ತಿ ದಾಟಿ ಕಣಿವೆಯ ಮೇಲೆ ಸಾಗಿತು. ನೋಡಬಾರದು ಎಂಬ ನಿಯಮ ಮುಂದೆ ಕುಳಿತವರಿಗೆ. ಹಿಂದೆ ಕುಳಿತವಳು ನೋಡದೆ ಏನು ಮಾಡಿಯಾಳು? ಅದು ದೂರ ಹೋಗಿ ಚುಕ್ಕೆಯಾಗುವುದನ್ನು ಕಾಯುತ್ತಿದ್ದಳು. ಚುಕ್ಕೆಯಾಗಲಿಲ್ಲ. ಕಣಿವೆಯ ನಡುವೆ ರೆಕ್ಕೆ ಮಡಚಿ, ಮೆಟ್ಟಿಲಿಳಿದಂತೆ ಇಳಿದು, ಒಂದು ಬಂಡೆಯ ಮರೆಗೆ ಹೋಯಿತು.

ದಣಿದಿರಬೇಕು, ಪಾಪ, ಎಂದುಕೊಂಡಳು. ಬುತ್ತಿ ಬಿಚ್ಚಿದಳು. ಅರ್ಧ ತಿನ್ನುವಷ್ಟರಲ್ಲಿ ಹಕ್ಕಿ ಮತ್ತೆ ಎದ್ದಿತು. ಈಗ ಅದು ಇಳಿಜಾರಿಗೆ ಅಂಟಿಕೊಂಡಂತೆ, ಅವಳು ಕುಳಿತದ್ದಕ್ಕಿಂತ ಕೆಳಗೆ, ಮೂಡಣದ ಮಗ್ಗುಲಿನ ಕಡೆಗೆ ಹಾರಿತು. ಹಕ್ಕಿಯ ಬೆನ್ನನ್ನು ಮೇಲಿನಿಂದ ನೋಡುವುದು ಅವಳಿಗೆ ಅದೇ ಮೊದಲು. ಕಂದು ಬಟ್ಟೆ ಹಾಸಿದಂಥ ಬೆನ್ನು. ಎಡರೆಕ್ಕೆಯ ಹಿಂಬದಿಯ ಅಂಚಿನಲ್ಲಿ ಒಂದು ಗರಿ ಪೂರ್ತಿ ಇಲ್ಲ, ಪಕ್ಕದ್ದು ಅರ್ಧಕ್ಕೆ ಮುರಿದಿದೆ. ಮೊಳೆಗೆ ಸಿಕ್ಕಿ ಹರಿದ ಸೆರಗಿನ ಹಾಗೆ. ಮಗ್ಗುಲು ತಿರುಗಿ ಅದು ಮರೆಯಾಯಿತು. ತೆಂಕಣಕ್ಕಲ್ಲ, ಬಡಗಣಕ್ಕೆ.

ಸೂಜಿ ಬಾಯಿಗಿಟ್ಟ ತುತ್ತನ್ನು ಅಗಿಯುವುದನ್ನು ಮರೆತಳು.

ಆ ಸಂಜೆ ಅವಳು ಯಾರಿಗೂ ಏನೂ ಹೇಳಲಿಲ್ಲ. ಶೆಡ್ಡಿನಲ್ಲಿ ಅತ್ತಿಗೆ ಇಲ್ಲದ ಮನೆಯ ಕಿಟಕಿಗಳಿಗೆ ಪರದೆಯ ಬಟ್ಟೆ ಯಾವುದಾದರೆ ಚೆನ್ನ ಎಂದು ಕೇಳುತ್ತಿದ್ದಾಗ, ಸೂಜಿಯ ಮನಸ್ಸು ಬೇರೆಡೆ ಇತ್ತು. ಅವಳ ಅಜ್ಜಿ ಸಂಜೆ ಹೊತ್ತು ಪದ ಹಾಡುತ್ತಿದ್ದಳು. ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದ ಮಗುವಿಗೆ ಅರ್ಥ ತಿಳಿಯುತ್ತಿರಲಿಲ್ಲ, ಆದರೆ ಒಂದು ತಿಳಿಯುತ್ತಿತ್ತು: ಚರಣಗಳು ಬಂದು ಮುಂದೆ ಹೋಗುತ್ತವೆ, ಪಲ್ಲವಿ ಮಾತ್ರ ಸುತ್ತಿ ಬರುತ್ತದೆ. ಎಂಟು ಸಲ ಹಾಡಿದರೂ ಅದು ಎಂಟು ಪಲ್ಲವಿಯಲ್ಲ. ನಲವತ್ತಮೂರು ಸಲ ಬಂದರೆ?

ಮರುದಿನ ಅದೇ ಹಕ್ಕಿ, ಅದೇ ಇಳಿತ, ಅದೇ ಹರಿದ ಅಂಚು. ಇನ್ನು ತಡೆಯಲಾಗಲಿಲ್ಲ. ಅವಳು ಮುಂದಕ್ಕೆ ಬಂದು ಕಟ್ಟೆಯ ಮೇಲೆ ನಿಂತಳು.

"ಅತ್ತಿಗೆ, ಬೈಬೇಡಿ. ನಿಮ್ಮ ಹಾವುಗಿಡುಗ ಹೋಗ್ತಾ ಇಲ್ಲ. ಸುತ್ತಿ ಬರ್ತಾ ಇದೆ."

"ಏನು?"

"ಹಿಂದೆ ಇಳಿದು, ಮಗ್ಗುಲಿಂದ ಬಳಸಿ, ಮತ್ತೆ ಮುಂದೆ ಬಂದು ಸುಳಿಗೆ ಸೇರ್ಕೊಳ್ಳತ್ತೆ. ನೀವು ದೂರದ ಅಂಚು ನೋಡ್ತಾ ಇರ್ತೀರಿ. ಅದು ಕಾಲಬುಡದಿಂದ ಏಳತ್ತೆ."

ಅತ್ತಿಗೆಯ ಮುಖ ಕೆಂಪಾಯಿತು. "ಬಂದು ಮೂರು ದಿನ ಆಗಿಲ್ಲ, ನನಗೇ ಪಾಠ ಹೇಳ್ತೀಯಲ್ಲೇ! ಗರಿ ಎಲ್ಲಾ ಗಿಡುಗಕ್ಕೂ ಬೀಳತ್ತೆ."

"ನಾನು ಗರಿ ಅಂತ ಅಂದೇ ಇಲ್ವಲ್ಲ."

ಮುದ್ರೆ ಮಾಮನ ಮುಷ್ಟಿ ಮೊಣಕಾಲ ಮೇಲೆ ಅರ್ಧದಲ್ಲೇ ನಿಂತಿತ್ತು.

"...ಎಡಗಡೆ ರೆಕ್ಕೆನಾ?" ಎಂದಳು ಅತ್ತಿಗೆ, ಸಣ್ಣ ದನಿಯಲ್ಲಿ.

"ಎಡಗಡೆ. ಒಂದು ಪೂರ್ತಿ ಇಲ್ಲ, ಒಂದು ಅರ್ಧ. ಹರಿದದ್ದು ನೋಡೋದೇ ನನ್ನ ಹೊಟ್ಟೆಪಾಡು ಅತ್ತಿಗೆ."

ಕೆಳಗಿನಿಂದ ನೋಡುವಾಗ ಬಿಸಿಲಿಗೆ ಅಲ್ಲೊಂದು ಕಿಂಡಿಯಂಥದ್ದು ಮಿನುಗಿದ್ದನ್ನು ಅತ್ತಿಗೆ ಎಷ್ಟೋ ಸಲ ಕಂಡಿದ್ದಳು. ಹಕ್ಕಿಗಳು ಗರಿ ಬದಲಿಸುವ ಕಾಲ, ಎಲ್ಲಕ್ಕೂ ಹಾಗೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಟಿಕ್ ಒತ್ತಿದ್ದಳು. ಬೇಕಾದದ್ದು ಕಣ್ಣ ಮುಂದೆ ಬಂದಾಗ ಯಾರು ತಾನೆ ಅದರ ಅಂಚು ತಿರುವಿ ನೋಡುತ್ತಾರೆ?

ಪರೀಕ್ಷೆ ಮಾಡಿಯೇ ಬಿಡೋಣ ಎಂದವಳೂ ಅವಳೇ. ಸೂಜಿ ಹಿಂದೆ, ಅತ್ತಿಗೆ ಮುಂದೆ, ಮಾತು ದಾಟಿಸಲು ನಡುವೆ ಶೆಡ್ಡಿನ ಮೂಲೆಯಲ್ಲಿ ಮುದ್ರೆ ಮಾಮ. ಗಾಳಿ ಜೋರಾಗಿತ್ತು, ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ.

"ದಾಟ್ತು!" ಎಂದಳು ಅತ್ತಿಗೆ.

"ದಾಟ್ತಂತೆ!" ಎಂದರು ಮಾಮ.

"ಬಂತು. ಇಳೀತಾ ಇದೆ!"

"ಇಳೀತಂತೆ!"

"ಎಲ್ಲಿಗೆ?"

"ಎಲ್ಲಿಗಂತೆ?"

"ಬಂಡೆಗೆ! ಮಾಮ, ನೀವು ಪ್ರಶ್ನೆಗೂ 'ಅಂತೆ' ಸೇರಿಸ್ಬೇಡಿ!"

"ಅಂಚೆಯವನಮ್ಮ ನಾನು, ಬಂದಿದ್ದನ್ನ ಹಾಗೇ ಮುಟ್ಟಿಸ್ತೀನಿ!"

ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸೂಜಿಗೆ ಒಂದು ವಿಚಿತ್ರ ಆಸೆ ಹುಟ್ಟಿತು: ಈ ಹಕ್ಕಿ ಈಗ ನೇರ ತೆಂಕಣಕ್ಕೆ ಹೋಗಿಬಿಡಲಿ, ನಾನೇ ಪೆದ್ದಿ ಆಗಲಿ. ಆದರೆ ಬಂಡೆಯ ಮರೆಯಿಂದ ಕಂದು ಬೆನ್ನು ಎದ್ದಿತು, ಹರಿದ ಅಂಚು ಬಿಸಿಲಿಗೆ ಹೊಳೆಯಿತು, ಮೂಡಣದ ಮಗ್ಗುಲಿಗೆ ಹೊರಳಿತು. "ಹೊರಟಿತು, ನಿಮ್ಮ ಬಲಗಡೆಗೆ!" ಎಂದು ಕೂಗಿದಳು. ಮಾಮ ದಾಟಿಸಿದರು. ಕಾದರು. ಮುಂದಿನಿಂದ ಕೂಗು ಬರಲಿಲ್ಲ. ಕೊನೆಗೆ ಸೂಜಿ ತಾನೇ ಮುಂದಕ್ಕೆ ಹೋದಳು. ಅತ್ತಿಗೆ ಬೈನಾಕ್ಯುಲರನ್ನು ಮಡಿಲಲ್ಲಿ ಇಳಿಸಿ ಕುಳಿತಿದ್ದಳು. ಸುಳಿಯಲ್ಲಿ ಬಿಳಿಹೊಟ್ಟೆಯೊಂದು ನಿಧಾನವಾಗಿ ಮೇಲೇರುತ್ತಿತ್ತು, ಎಡರೆಕ್ಕೆಯಲ್ಲಿ ಕಿಂಡಿ ಇಟ್ಟುಕೊಂಡು.

"ದಿನಾ ಎದುರುಮನೆಯವಳನ್ನ ನೋಡಿ, ಅಬ್ಬಾ ನಮ್ಮ ಬೀದಿಗೆ ಎಷ್ಟೊಂದು ಜನ ನೆಂಟ್ರು ಅಂತ ಬರೆದುಕೊಂಡೆನಲ್ಲೇ," ಎಂದಳು. ನಗಲು ಹೋದಳು, ಬರಲಿಲ್ಲ.

ಶೆಡ್ಡಿನೊಳಗೆ ಮಾಮ ಚಹಾಕ್ಕಿಟ್ಟರು. ಅತ್ತಿಗೆ ಇಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅಣ್ಣನ ಮದುವೆಯಾದ ಲಾಗಾಯ್ತು ಸೂಜಿ ಕಂಡಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು.

"ಸಾಹೇಬರು ನಾಳೆ ಬರ್ತಾರೆ," ಎಂದಳು ಅತ್ತಿಗೆ ಲೋಟ ನೋಡುತ್ತ. "ನಿನ್ನ ಕುತ್ತಿಗೆ ನಾಳಿದ್ದು ನೋಯಬಾರದಿತ್ತಾ?"

"ನನ್ನದು ಯಾವ ಕಾಲಕ್ಕೆ ಹೇಳಿದ ಮಾತು ಕೇಳಿದೆ?"

"ನಾನಂತೂ ಬಾಯಿ ಬಿಡಲ್ಲ," ಎಂದರು ಮಾಮ ಮೆಲ್ಲನೆ. "ನಿಮಗೆ ಸರಿ ಕಂಡ ಹಾಗೆ ಮಾಡಿ ತಾಯಿ. ಆದ್ರೆ ಒಂದೇ ಕಾಗದಕ್ಕೆ ನಲವತ್ತು ಸಲ ಮುದ್ರೆ ಒತ್ತಿದ್ದು... ನನ್ನ ಸರ್ವೀಸಿನಲ್ಲಿ ಆಗಿರಲಿಲ್ಲ."

"ನಲವತ್ತೂ ಇದೇ ಅಂತ ಹೇಗೆ ಹೇಳೋದು? ನಡುವೆ ನಾಲ್ಕು ನಿಜವಾದ ಪ್ರವಾಸಿಗಳೂ ಇರಬಹುದು," ಎಂದಳು ಸೂಜಿ. ಸಮಾಧಾನಕ್ಕೆ ಅಂದದ್ದು.

"ಅದೇ ಸಂಕಟ ಕಣೇ. ಯಾವ ನಾಲ್ಕು? ಒಂದು ಹೊಲಿಗೆ ಬಿಚ್ಚಿದ್ರೆ ಪೂರ್ತಿ ಬಿಚ್ಚಬೇಕಲ್ಲ, ನೀನೇ ಹೇಳ್ತೀಯಲ್ಲ." ಅತ್ತಿಗೆ ಎದ್ದು ಬಾಗಿಲಿಗೆ ಬಂದು ನಿಂತಳು. ಸ್ವಲ್ಪ ಹೊತ್ತು ಕಣಿವೆಯ ಕಡೆ ನೋಡಿ, ಇದ್ದಕ್ಕಿದ್ದ ಹಾಗೆ ಕೇಳಿದಳು: "ಅಲ್ಲ, ಅದು ಇಲ್ಲೇ ಯಾಕೆ ಉಳ್ಕೊಂಡಿದೆ? ಆ ಬಂಡೆಯ ಹತ್ರ ಏನಿದೆ?"

ಸೂಜಿಗೂ ಅದೇ ಪ್ರಶ್ನೆ ನಿನ್ನೆಯಿಂದ ಕೊರೆಯುತ್ತಿತ್ತು.

ಸಾಹೇಬರು ಮರುದಿನ ಬಂದರು. ಹೊಸ ಬೂಟು ಕಚ್ಚಿ ಕುಂಟುತ್ತಿದ್ದರು, ಏದುಸಿರು ಬಿಡುತ್ತಿದ್ದರು. ಆದರೆ ಹಕ್ಕಿ ಎಂದರೆ ಕಣ್ಣರಳಿಸುವ ಮನುಷ್ಯ. ಮೂರನೆಯ ಕುರ್ಚಿಯಲ್ಲಿ ಕುಳಿತು ಸುಧಾರಿಸಿಕೊಳ್ಳುವಷ್ಟರಲ್ಲಿ, ಬಿಳಿಹೊಟ್ಟೆ ಸುಳಿಯಿಂದ ಜಾರಿ ಅವರ ಮೇಲಕ್ಕೇ ಬಂತು, ಕರೆ ಕಳಿಸಿದ ಹಾಗೆ.

"ಇದೇನಾ ಅದು? ಆಹಾ! ಮೇಡಂ, ಇದು ಎಷ್ಟನೇದು? ನಲವತ್ತಮೂರು ಅಂತ ಮೊನ್ನೆ ಸುದ್ದಿ ಕಳಿಸಿದ್ರಲ್ಲ?" ಎಂದು ಅವರು ಮಗುವಿನಂತೆ ಎದ್ದು ನಿಂತರು. "ಇನ್ನೇನು, ಮನೆ ಇಲ್ಲೇ ಅನ್ನಿ!"

ಅತ್ತಿಗೆಯ ಹೆಬ್ಬೆರಳು ಎಣಿಕೆಯ ಡಬ್ಬಿಯ ಗುಂಡಿಯ ಮೇಲಿತ್ತು. ಸೂಜಿ ಆ ಬೆರಳನ್ನೇ ನೋಡುತ್ತಿದ್ದಳು. ಒತ್ತಿದರೆ ಮೂರು ಕಿಟಕಿಯ ಮನೆ. ಮಾಮ ಮೋಡದ ಕಡೆ ನೋಡುತ್ತಿದ್ದರು, ಅಲ್ಲಿ ಮೋಡವಿಲ್ಲದಿದ್ದರೂ.

"ಒಂದನೇದು ಸರ್," ಎಂದಳು ಅತ್ತಿಗೆ.

"ಅಂದ್ರೆ?"

"ಇರೋದೇ ಒಂದು. ಉಳಿದದ್ದು ನನ್ನ ತಪ್ಪು. ಕುರ್ಚಿ ಹಿಡ್ಕೊಳ್ಳಿ, ತೋರಿಸ್ತೀನಿ. ಬೇಗ, ಇಲ್ಲಾಂದ್ರೆ ಇಳಿಯೋದು ತಪ್ಪಿಹೋಗತ್ತೆ."

ಸಾಹೇಬರು ಕುಂಟುತ್ತ, ಕುರ್ಚಿ ಎಳೆಯುತ್ತ ಶೆಡ್ಡಿನ ಹಿಂದಕ್ಕೆ ಬಂದರು. ನಾಲ್ವರೂ ತೆಂಕಣಕ್ಕೆ ಮುಖ ಮಾಡಿದರು. ಹಕ್ಕಿ ಇಳಿಯಿತು. ಈ ಸಲ ಬಂಡೆಯ ಮರೆಗೆ ಹೋಗದೆ, ಒಣಹುಲ್ಲಿನ ಮೇಲೆ ಗಾಳಿಯಲ್ಲೇ ನಿಂತಿತು. ರೆಕ್ಕೆ ಅಲುಗುತ್ತಿತ್ತು, ತಲೆ ಮಾತ್ರ ಮೊಳೆ ಹೊಡೆದ ಹಾಗೆ ಸ್ಥಿರ. ಮತ್ತೆ ಕಲ್ಲು ಬಿದ್ದಂತೆ ಬಿತ್ತು. ಎದ್ದಾಗ ಕೊಕ್ಕಿನಿಂದ ಹಗ್ಗದಂಥದ್ದೊಂದು ಇಳಿಬಿದ್ದು ಹೊರಳುತ್ತಿತ್ತು. ಕಾದ ಬಂಡೆಗಳ ಸಂದಿಯಲ್ಲಿ ಹಾವುಗಳು ಬಿಸಿಲು ಕಾಯಲು ಬರುತ್ತಿದ್ದವು. ಇದು ಹಸಿವಾದಾಗೆಲ್ಲ ಒಂದು ಸುತ್ತು ಬರುತ್ತಿತ್ತು. ಪ್ರವಾಸವಲ್ಲ, ಸಂತೆ.

ಹಕ್ಕಿ ಮಗ್ಗುಲಿಗೆ ಹೊರಳಿ ಮರೆಯಾಗುವ ತನಕ ಸಾಹೇಬರು ನೋಡಿದರು. ಆಮೇಲೆ, "ಯಾರು ಕಂಡುಹಿಡಿದದ್ದು?" ಎಂದರು.

"ನಮ್ಮ ನಾದಿನಿ. ಅವಳಿಗೆ ಕುತ್ತಿಗೆ ನೋವು."

"ಹಾಗಾದ್ರೆ ಇಲ್ಲಿ ಮನೆ ಆಗಲ್ಲ ಮೇಡಂ," ಎಂದರು ಅವರು. ಒರಟಾಗಿ ಹೇಳಲಿಲ್ಲ, ಆದರೂ ಅತ್ತಿಗೆಯ ಭುಜ ಒಂದಿಷ್ಟು ಇಳಿದದ್ದು ಸೂಜಿಗೆ ಕಂಡಿತು. "ಒಂದು ಹಕ್ಕಿಗೋಸ್ಕರ ಒಂದು ಮನೆ ಅಂದ್ರೆ ಮೇಲಿನವರು ನನ್ನನ್ನೇ ಮನೆಗೆ ಕಳಿಸ್ತಾರೆ."

"ಗೊತ್ತು ಸರ್."

ಸಾಹೇಬರು ಬೂಟು ಬಿಚ್ಚಿ, ಹೆಬ್ಬೆರಳು ಒತ್ತಿಕೊಳ್ಳುತ್ತ ಕುಳಿತರು. ಅವರ ಮುಖದ ಮೇಲೆ ಒಂದು ಯೋಚನೆ ನಿಧಾನವಾಗಿ ಸುಳಿ ಸುತ್ತಿ ಮೇಲೇರುತ್ತಿರುವುದು ಸೂಜಿಗೆ ಕಾಣುತ್ತಿತ್ತು.

"ಅಲ್ಲ ಮೇಡಂ... ಉಳಿದ ನಾಲ್ಕು ಗುಡ್ಡದವರೂ ಹಿಂದೆ ನೋಡಲ್ವಲ್ಲ?"

"ನಿಯಮ ಸರ್. ಯಾರೂ ನೋಡಲ್ಲ."

"ಹಾಗಾದ್ರೆ ಅಲ್ಲಿ ಹದಿನೆಂಟು, ಇಪ್ಪತ್ತು ಅಂತ ಬರೆದಿದಾರಲ್ಲ, ಅವು?"

ಸಾಹೇಬರು ಬೂಟು ಕೈಯಲ್ಲಿ ಹಿಡಿದೇ ಎದ್ದುನಿಂತರು. "ಇದು ಗೊತ್ತಾಗದೆ ನಾನು ಎಲ್ಲೂ ಒಂದು ಇಟ್ಟಿಗೆ ಇಡಿಸಲ್ಲ. ನೀವು ಹೋಗ್ತೀರಾ? ಒಂದೊಂದು ಗುಡ್ಡದಲ್ಲೂ ಹಿಂದೆ ತಿರುಗಿ ಕೂತ್ಕೊಳ್ಳೋಕೆ? ಮುಂದಿನ ಶರತ್ಕಾಲದ ತನಕ ಸಂಬಳ ಕೊಡಿಸೋದು ನನ್ನ ಹೊಣೆ. ಈ ಗುಡ್ಡ ಮಾತ್ರ ನಿಮಗೆ ಉಳಿಯಲ್ಲ."

"ಬೇಡಮ್ಮ!" ಎಂದರು ಮುದ್ರೆ ಮಾಮ, ಮೊಣಕಾಲು ಕುಟ್ಟಿ. "ಅವರ ಅನ್ನದ ತಟ್ಟೆಗೆ ಕೈ ಹಾಕಿದ ಹಾಗೆ. ನಾಲ್ಕೂ ಗುಡ್ಡದವರು ಕಲ್ಲು ತಗೊಂಡು ಅಟ್ಟಿಸ್ಕೊಂಡು ಬರ್ತಾರೆ."

"ಬರ್ಲಿ. ಅತ್ತಿಗೆ ಬಾಯಿ ತೆಗೆದ್ರೆ ಅವರೇ ಇಳಿದು ಓಡ್ತಾರೆ," ಎಂದಳು ಸೂಜಿ.

ಅತ್ತಿಗೆ ನಕ್ಕಳು. ಎರಡು ದಿನದಲ್ಲಿ ಮೊದಲ ಸಲ, ಹೊಟ್ಟೆ ಕುಲುಕಿಸಿ. ಆಮೇಲೆ ತಗಡಿನ ಶೆಡ್ಡನ್ನು, ಅದರ ಪಕ್ಕದ ಖಾಲಿ ಜಾಗವನ್ನು ಒಮ್ಮೆ ನೋಡಿದಳು. ಒಲೆ, ಮೇಜು, ಗಟ್ಟಿ ಬೆಂಚು ಇರಬೇಕಿದ್ದ ಜಾಗ. ಕಣ್ಣು ಅಲ್ಲಿ ಸ್ವಲ್ಪ ನಿಂತಿತು. ಮತ್ತೆ ಸಾಹೇಬರ ಕಡೆ ತಿರುಗಿತು, ಆ ಕಣ್ಣಿನಲ್ಲಿ ಆಗಲೇ ಬೇರೆ ಬೆಳಕು.

"ಮೊದಲು ಯಾವ ಗುಡ್ಡ ಸರ್? ಹೆಚ್ಚು ಬರೆದಿದಾರಲ್ಲ, ಆ ಆಚೆಕಡೆಯದಾ?"

"ಅದೇ ಆಗಲಿ."

"ಅಲ್ಲಿ ಬೆನ್ನ ಹಿಂದೆ ಏನಿದೆ? ಬಂಡೆನಾ, ಕಾಡಾ? ನೀರಿದೆಯಾ?"

ಸಾಹೇಬರು ಎಷ್ಟೋ ಸಲ ಹತ್ತಿ ಇಳಿದ ಗುಡ್ಡ ಅದು.

"ಗೊತ್ತಿಲ್ಲ ಮೇಡಂ," ಎಂದರು. "ಯಾರೂ ನೋಡಿಲ್ಲ."